ಘಟಕ ನಿಂತ ದಿನ ಗೇಟ್ ಪಾಸ್‌ನವರು ಎಲ್ಲಿಗೆ ಹೋಗಬೇಕು?

ಬೆಲ್ಟ್ ನಂಬರ್ ಏಳು · ಭಾನುವಾರ ರಾತ್ರಿ 9.40

ನಾನು ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ ಬೆಳೆದವನು. ಈಗ ಬೆಂಗಳೂರಿನಲ್ಲಿ ಲೆಕ್ಕಪತ್ರ ಬರೆಯುವ ಕೆಲಸ. ಅಪ್ಪ ಶಾಖೋತ್ಪನ್ನ ಕೇಂದ್ರದ ಕಲ್ಲಿದ್ದಲು ವಿಭಾಗದಲ್ಲಿ 26 ವರ್ಷದಿಂದ ಗುತ್ತಿಗೆ ಕಾರ್ಮಿಕ. ಟಿಪ್ಲರ್ ವ್ಯಾಗನ್ನನ್ನು ಮಗುಚಿದ ಮೇಲೆ ಕಲ್ಲಿದ್ದಲು ಬೆಲ್ಟ್ ಹತ್ತಿ ಬಂಕರ್‌ಗೆ ಹೋಗುತ್ತದೆ. ದಾರಿಯಲ್ಲಿ ಚೆಲ್ಲಿದ್ದನ್ನು ಸಲಿಕೆಯಲ್ಲಿ ಎತ್ತಿ ಮತ್ತೆ ಬೆಲ್ಟ್‌ಗೆ ಹಾಕುವುದು, ಮಳೆಗಾಲದಲ್ಲಿ ಒದ್ದೆ ಕಲ್ಲಿದ್ದಲು ಚ್ಯೂಟ್‌ನಲ್ಲಿ ಕಚ್ಚಿಕೊಂಡರೆ ಹಾರೆಯಿಂದ ತಿವಿದು ಬಿಡಿಸುವುದು ಅವರ ಕೆಲಸ. ಪಾಳಿ ಮುಗಿಸಿ ಬಂದವರು ಮೊದಲು ಒಂದು ತುಂಡು ಬೆಲ್ಲ ಬಾಯಿಗೆ ಹಾಕಿಕೊಳ್ಳುತ್ತಾರೆ, ಗಂಟಲಿನ ದೂಳು ಇಳಿಯುತ್ತದೆ ಎಂದು. ಇಳಿಯುತ್ತದೋ ಇಲ್ಲವೋ, ನಮ್ಮ ಮನೆಯಲ್ಲಿ ಬೆಲ್ಲದ ಡಬ್ಬಿ ಮಾತ್ರ ಎಂದೂ ಖಾಲಿಯಾಗಿದ್ದಿಲ್ಲ.

ಕಳೆದ ವಾರ ಊರಿಗೆ ಹೋದಾಗ ಅವರ ಆಧಾರ್ ಹುಡುಕುತ್ತ ಹಳೆಯ ಬಿಸ್ಕತ್ತಿನ ಡಬ್ಬಿ ತೆರೆದೆ. ಒಳಗೆ ಹನ್ನೊಂದು ಗೇಟ್ ಪಾಸ್. ಹನ್ನೊಂದರಲ್ಲೂ ಅಪ್ಪನೇ. ಮೊದಲನೆಯದರಲ್ಲಿ ಮೀಸೆ ಕಪ್ಪು, ಕೊನೆಯದರಲ್ಲಿ ಮೀಸೆಯೇ ಇಲ್ಲ. ಗುತ್ತಿಗೆದಾರರ ಹೆಸರು ಮಾತ್ರ ಹನ್ನೊಂದು ಬಗೆ. ಕೆಲಸ ಅದೇ, ಬೆಲ್ಟ್ ಅದೇ.

ನನ್ನ ಪ್ರಶ್ನೆ ಇದು. ಇಲ್ಲಿ ಮೊದಲ ಘಟಕ ಶುರುವಾದದ್ದು 1985ರಲ್ಲಿ. 210 ಮೆಗಾವ್ಯಾಟ್‌ನ ಏಳು, 250ರ ಒಂದು, ಒಟ್ಟು 1,720 ಮೆಗಾವ್ಯಾಟ್. ಹಳೆಯವಕ್ಕೆ ನಲವತ್ತು ತುಂಬಿತು. ಈಗಲೇ ಮಳೆಗಾಲದಲ್ಲಿ ಜಲಾಶಯ ತುಂಬಿ, ಗಾಳಿಯಂತ್ರ ಜೋರಾಗಿ ತಿರುಗಿದರೆ ಒಂದೊಂದೇ ಘಟಕವನ್ನು ನಿಲ್ಲಿಸುತ್ತಾರೆ. ಮುಂದೊಂದು ದಿನ ಕಾಯಂ ಆಗಿ ನಿಲ್ಲಿಸಿದರೆ ನಿಗಮದ ನೌಕರರನ್ನು ಬೇರೆ ಕಡೆಗೆ ವರ್ಗ ಮಾಡಬಹುದು. ಗೇಟ್ ಪಾಸ್‌ನವರನ್ನು ಎಲ್ಲಿಗೆ ವರ್ಗ ಮಾಡುತ್ತಾರೆ? ಎಲ್ಲಾದರೂ ಇದನ್ನು ಸರಿಯಾಗಿ ಮಾಡಿದ ಊರು ಇದೆಯೇ? ತಿಳಿದವರು ಹೇಳಿ. ಭಾಷಣ ಬೇಡ.

ಮೆಗಾವ್ಯಾಟ್ ಮಾವ · ರಾತ್ರಿ 9.58

ತಮ್ಮ, ನೆಮ್ಮದಿಯಾಗಿ ಮಲಗು. ಯಾವುದೂ ಮುಚ್ಚುವುದಿಲ್ಲ. 2030ರವರೆಗೆ ಹಳೆಯ ಕಲ್ಲಿದ್ದಲು ಘಟಕಗಳನ್ನು ನಿವೃತ್ತಿ ಮಾಡಬೇಡಿ ಎಂದು ಕೇಂದ್ರ ವಿದ್ಯುತ್ ಪ್ರಾಧಿಕಾರವೇ 2023ರಲ್ಲಿ ಹೇಳಿದೆ. ದೇಶದ ವಿದ್ಯುತ್ತಿನಲ್ಲಿ ಮುಕ್ಕಾಲು ಪಾಲಿನ ಹತ್ತಿರ ಈಗಲೂ ಕಲ್ಲಿದ್ದಲಿನದೇ. ಗ್ಲಾಸ್ಗೋ ಹವಾಮಾನ ಸಮ್ಮೇಳನದಲ್ಲಿ ಇಂಗಾಲದ ಹೊರಸೂಸುವಿಕೆಯನ್ನು ನಿವ್ವಳ ಸೊನ್ನೆಗೆ ಇಳಿಸಲು ಭಾರತ ಕೊಟ್ಟ ಗಡುವು 2070. ಅಷ್ಟು ಹೊತ್ತಿಗೆ ನಾನೂ ಇರುವುದಿಲ್ಲ, ನಿನ್ನ ಬೆಲ್ಟೂ ಇರುವುದಿಲ್ಲ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಯುತ್ತಿದ್ದೀರಿ.

ಬೆಲ್ಟ್ ನಂಬರ್ ಏಳು · ರಾತ್ರಿ 10.03

ಮಾವ, ನಾನು ಕೇಳಿದ್ದು ಕೂಸಿನ ವಿಷಯವಲ್ಲ, ಹೋಗುವವರ ವಿಷಯ. ಅದಕ್ಕೆ ಮೊದಲೇ ಬಟ್ಟೆ ತಂದಿಟ್ಟುಕೊಳ್ಳುವುದು ವಾಡಿಕೆ.

ಕಗ್ಗತ್ತಲ ಕಂಬ · ರಾತ್ರಿ 10.05

ಅಯ್ಯೋ, ಭಾನುವಾರ ರಾತ್ರಿ ಇಂಥ ಮಾತು ಬೇಕಿತ್ತೇ.

ಮಾರಿಕುಪ್ಪಂ ಪ್ಯಾಸೆಂಜರ್ · ರಾತ್ರಿ 10.41

ಸರಿಯಾಗಿ ಮಾಡಿದ ಊರು ಗೊತ್ತಿಲ್ಲ, ಹೇಗೆ ಮಾಡಬಾರದು ಎಂಬುದಕ್ಕೆ ಒಂದು ಊರು ಗೊತ್ತಿದೆ. ನಮ್ಮದೇ.

ಕೆಜಿಎಫ್ ಗಣಿ ನಿಂತದ್ದು 28 ಫೆಬ್ರುವರಿ 2001. ಆಗ ನಾನು ಎಂಟನೇ ತರಗತಿ. ಸಂಬಳದ ಪಟ್ಟಿಯಲ್ಲಿದ್ದವರು ಮೂರು ಸಾವಿರಕ್ಕೂ ಹೆಚ್ಚು ಜನ; ಒಂದು ಕಾಲದಲ್ಲಿ ಮೂವತ್ತು ಸಾವಿರ ಜನ ದುಡಿದ ಜಾಗ ಅದು. ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ಬೆಂಗಳೂರಿಗಿಂತ ಮೊದಲು ನಮ್ಮೂರಿಗೆ ಬಂತು ಎಂದು ನಮ್ಮ ಹಿರಿಯರು ಎದೆ ಉಬ್ಬಿಸಿ ಹೇಳುತ್ತಿದ್ದರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ. ಅಷ್ಟು ಆಳಕ್ಕೆ ಇಳಿದು ಬಂದ ಮನುಷ್ಯನಿಗೆ ಮೇಲೆ ನೆಲದ ಮೇಲೆ ಮಾಡಲು ಬರುತ್ತಿದ್ದ ಕೆಲಸ ಯಾವುದೂ ಇರಲಿಲ್ಲ.

ಆಮೇಲೆ ಆದದ್ದು ಏನೆಂದರೆ ರೈಲು. ಬೆಳಿಗ್ಗೆ ಕತ್ತಲೆಯಲ್ಲಿ ಮಾರಿಕುಪ್ಪಂ, ಕೋರಮಂಡಲ್, ಚಾಂಪಿಯನ್ ನಿಲ್ದಾಣಗಳಲ್ಲಿ ಹತ್ತಿ ಬೆಂಗಳೂರಿಗೆ ಹೋಗುವುದು, ರಾತ್ರಿ ಅದೇ ರೈಲಿಗೆ ವಾಪಸು ಬರುವುದು. ಗಣಿಯಲ್ಲಿ ಮದ್ದು ಹಾಕಿ ಬಂಡೆ ಸಿಡಿಸುತ್ತಿದ್ದ ನನ್ನ ದೊಡ್ಡಪ್ಪ ವೈಟ್‌ಫೀಲ್ಡ್‌ನ ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಲ್ಯೂಟ್ ಹೊಡೆಯುವ ಕೆಲಸಕ್ಕೆ ಸೇರಿದರು. ಊರಲ್ಲಿ ಉಳಿದದ್ದು ಸೈನೈಡ್ ದಿಬ್ಬಗಳು. ಗಾಳಿ ಬೀಸಿದರೆ ಆ ದೂಳು ಇವತ್ತಿಗೂ ಊರೊಳಗೆ ಬರುತ್ತದೆ.

ಆದ್ದರಿಂದ ಮಾವನವರೇ, 2070 ಎಂದು ಕೈ ತೊಳೆದುಕೊಳ್ಳಬೇಡಿ. ನಮ್ಮ ಗಣಿ ನಷ್ಟದಲ್ಲಿದೆ, ಮುಚ್ಚುತ್ತಾರೆ ಎಂಬ ಮಾತು ಹತ್ತಾರು ವರ್ಷಗಳಿಂದ ಇತ್ತು. ಹಾಗೆಲ್ಲ ಮುಚ್ಚುವುದಿಲ್ಲ ಎಂದು ಎಲ್ಲರೂ ಹೇಳುತ್ತಲೇ ಇದ್ದರು.

ಸರಿಪಡಿಸುವವ · ರಾತ್ರಿ 10.52

ಚಿನ್ನ ಪಳೆಯುಳಿಕೆ ಇಂಧನವಲ್ಲ. ಅದು ಮುಚ್ಚಿದ್ದು ಅದಿರಿನ ಗುಣಮಟ್ಟ ಕುಸಿದು ನಷ್ಟವಾದದ್ದರಿಂದ, ಹವಾಮಾನದ ಕಾರಣಕ್ಕಲ್ಲ. ಹೋಲಿಕೆ ತಪ್ಪು.

ಮಾರಿಕುಪ್ಪಂ ಪ್ಯಾಸೆಂಜರ್ · ರಾತ್ರಿ 10.55

ಸರಿ ಸ್ವಾಮಿ. ಒಲೆ ಹೊತ್ತದ ಮನೆಯಲ್ಲಿ ಕಾರಣವನ್ನು ಬೇಯಿಸಿ ಬಡಿಸುವುದಕ್ಕೆ ಬರುವುದಿಲ್ಲ.

ಭದ್ರೆಯ ಮೂಲ · ರಾತ್ರಿ 11.10

ಕುದುರೆಮುಖವನ್ನೂ ಸೇರಿಸಿಕೊಳ್ಳಿ. ಅಲ್ಲಿ ಸುಪ್ರೀಂ ಕೋರ್ಟ್ ಆದೇಶದ ಮೇರೆಗೆ 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ಕಾಡಿಗೆ ಒಳ್ಳೆಯದಾಯಿತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಕಂಪನಿಗೆ ಮಂಗಳೂರಿನಲ್ಲಿ ಕಬ್ಬಿಣದ ಅದಿರನ್ನು ಉಂಡೆ ಕಟ್ಟುವ ಘಟಕ ಇತ್ತು, ಹಾಗಾಗಿ ಕಾಯಂ ನೌಕರರಿಗೆ ಒಂದು ದಾರಿ ಇತ್ತು. ಟೌನ್‌ಶಿಪ್ಪಿನಲ್ಲಿ ಅಂಗಡಿ ಇಟ್ಟವರು, ಮನೆಗೆಲಸದವರು, ತರಕಾರಿ ತರುತ್ತಿದ್ದವರು ಯಾವ ಲೆಕ್ಕಕ್ಕೂ ಬರಲಿಲ್ಲ. ನಮ್ಮತ್ತೆ ಅಲ್ಲಿನ ಹುಡುಗರಿಗೆ ಟ್ಯೂಷನ್ ಹೇಳುತ್ತಿದ್ದರು. ಒಂದು ವರ್ಷ ಹನ್ನೆರಡು ಮಕ್ಕಳು, ಮರುವರ್ಷ ಮೂರು.

ಪಾವಗಡದ ಕಡಲೆಕಾಯಿ · ಸೋಮವಾರ ಬೆಳಿಗ್ಗೆ 6.20

ಎಲ್ಲರೂ ಮುಚ್ಚುವ ಕಡೆಯ ಮಾತನ್ನೇ ಆಡುತ್ತಿದ್ದೀರಿ. ತೆರೆಯುವ ಕಡೆಯ ಮಾತನ್ನು ನಾನು ಹೇಳುತ್ತೇನೆ.

ನಮ್ಮ ಸೋಲಾರ್ ಪಾರ್ಕ್ 13,000 ಎಕರೆ, 2,050 ಮೆಗಾವ್ಯಾಟ್. ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು, ಐದು ಊರಿನ ಜಮೀನು. ಸರ್ಕಾರ ಭೂಮಿ ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಿತು. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಷ್ಟು ಏರಿಕೆ. ಪಹಣಿ ಇದ್ದವರಿಗೆ ಇದು ನಿಜಕ್ಕೂ ಒಳ್ಳೆಯ ಏರ್ಪಾಡು.

ನಮಗೆ ಪಹಣಿ ಇಲ್ಲ. ಅಮ್ಮ, ಚಿಕ್ಕಮ್ಮ, ನಾನು ಬೇರೆಯವರ ಹೊಲದಲ್ಲಿ ಕಡಲೆಕಾಯಿ ಕಿತ್ತು, ಬಿಡಿಸಿ ಬದುಕಿದವರು. ಹೊಲವೇ ಕನ್ನಡಿಯ ಹಾಗೆ ಹೊಳೆಯುವ ಫಲಕವಾದ ಮೇಲೆ ಕೀಳುವುದಕ್ಕೆ ಏನಿದೆ? ಕಟ್ಟುವಾಗ ಎರಡು ವರ್ಷ ಕಂಬ ಹೂಳುವ ಕೂಲಿ ಸಿಕ್ಕಿತು. ಆಮೇಲೆ ಕೆಲವರಿಗೆ ಹುಲ್ಲು ಕೊಯ್ಯುವುದು, ಫಲಕ ತೊಳೆಯುವುದು, ಕಾವಲು. ಉಳಿದವರು ಹಿಂದೂಪುರ, ಬೆಂಗಳೂರು. ಕುರಿ ಇದ್ದವರು ಬೇಲಿಯ ಆಚೆಯಿಂದ ಹುಲ್ಲು ನೋಡಿಕೊಂಡು ಮುಂದಕ್ಕೆ ಹೊಡೆದುಕೊಂಡು ಹೋಗುತ್ತಾರೆ.

ಶಕ್ತಿನಗರದ ಅಣ್ಣನಿಗೆ ನನ್ನ ಮಾತು ಇಷ್ಟೇ. ನಿಮ್ಮಲ್ಲಿ ಗೇಟ್ ಪಾಸ್, ನಮ್ಮಲ್ಲಿ ಪಹಣಿ. ಕಾಗದ ಯಾರ ಹೆಸರಿನಲ್ಲಿದೆಯೋ ನ್ಯಾಯ ಅವರ ಮನೆ ಬಾಗಿಲಿನವರೆಗೆ ಬರುತ್ತದೆ.

ಒಂಬತ್ತೆಕರೆ · ಬೆಳಿಗ್ಗೆ 7.45

ಅಕ್ಕ, ನಾನೂ ಅದೇ ಕಡೆಯವನು. ನೀವು ಹೇಳಿದ್ದರಲ್ಲಿ ಸುಳ್ಳಿಲ್ಲ, ಆದರೆ ಅರ್ಧ ಬಿಟ್ಟಿದ್ದೀರಿ. ಪಾರ್ಕ್ ಬರುವ ಮೊದಲು ಎಷ್ಟು ವರ್ಷ ಕಡಲೆಕಾಯಿ ಕೈಗೆ ಹತ್ತಿತ್ತು? ಐದು ವರ್ಷದಲ್ಲಿ ನಾಲ್ಕು ವರ್ಷ ಬರ. ಬೋರ್ ಕೊರೆಸಿದರೆ ದೂಳು, ನೀರು ಸಿಕ್ಕರೆ ಅದರಲ್ಲಿ ಫ್ಲೋರೈಡ್. ನಮ್ಮಪ್ಪನಿಗೆ ಒಂಬತ್ತು ಎಕರೆ ಇದ್ದೂ ಅವರು ಹೋಟೆಲಿನಲ್ಲಿ ತಟ್ಟೆ ತೊಳೆದಿದ್ದಾರೆ. ಈಗ ವರ್ಷಕ್ಕೆ ಇಷ್ಟು ಎಂದು ಬ್ಯಾಂಕಿಗೆ ಹಣ ಬರುತ್ತದೆ, ತಂಗಿಯ ನರ್ಸಿಂಗ್ ಮುಗಿಯಿತು. ಹಳೆಯದನ್ನು ಸ್ವರ್ಗ ಎಂದು ಬಣ್ಣಿಸಬೇಡಿ.

ಪಾವಗಡದ ಕಡಲೆಕಾಯಿ · ಬೆಳಿಗ್ಗೆ 7.59

ಸ್ವರ್ಗ ಎಂದು ನಾನೆಲ್ಲಿ ಹೇಳಿದೆ ತಮ್ಮ? ಬರಗಾಲದಲ್ಲಿ ಇಬ್ಬರೂ ಒಟ್ಟಿಗೇ ಹಸಿದಿದ್ದೆವು. ಈಗ ನಿಮ್ಮ ಮನೆಗೆ ಮಾತ್ರ ಮಳೆ ಬಂದಿದೆ ಎಂದೆ.

ಒಂಬತ್ತೆಕರೆ · ಬೆಳಿಗ್ಗೆ 8.30

ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ ಅಕ್ಕ. ಗುತ್ತಿಗೆ ಹಣದಲ್ಲಿ ಎಕರೆಗೆ ಇಷ್ಟು ಎಂದು ಕೂಲಿಯವರಿಗೂ ಒಂದು ಪಾಲು ಒಪ್ಪಂದದಲ್ಲೇ ಇರಬೇಕಿತ್ತು. ಆಗ ಯಾರಿಗೂ ಹೊಳೆಯಲಿಲ್ಲ. ನನಗೂ.

ರೂರ್ ಕಣಿವೆ ಕನ್ನಡಿಗ · ಮಧ್ಯಾಹ್ನ 1.15

ಜರ್ಮನಿಯ ಡಾರ್ಟ್‌ಮುಂಡ್‌ನಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ, ಊರು ಗಂಗಾವತಿ. ಸರಿಯಾಗಿ ಮಾಡಿದ ಊರು ಎಂದು ಇಲ್ಲಿನವರು ತಮ್ಮ ಬೆನ್ನನ್ನು ತಾವೇ ತಟ್ಟಿಕೊಳ್ಳುತ್ತಾರೆ. ಅರ್ಧ ನಿಜ.

1957ರಲ್ಲಿ ಈ ದೇಶದ ಕಲ್ಲಿದ್ದಲು ಗಣಿಗಳಲ್ಲಿ ಆರು ಲಕ್ಷ ಜನ ಇದ್ದರು. ಕೊನೆಯ ಕಪ್ಪು ಕಲ್ಲಿದ್ದಲಿನ ಗಣಿ, ಬಾಟ್ರಪ್ ಊರಿನ ಪ್ರಾಸ್ಪರ್ ಹಾನಿಯಲ್, ನಿಂತದ್ದು 2018ರ ಡಿಸೆಂಬರ್‌ನಲ್ಲಿ. ನಡುವೆ ಅರವತ್ತು ವರ್ಷ. 2018ಕ್ಕೆ ನಿಲ್ಲಿಸುತ್ತೇವೆ ಎಂದು ತೀರ್ಮಾನಿಸಿದ್ದು 2007ರಲ್ಲಿ, ಅಂದರೆ ಹನ್ನೊಂದು ವರ್ಷ ಮೊದಲೇ ಹೇಳಿದರು. ವಯಸ್ಸಾದವರಿಗೆ ಪಿಂಚಣಿ ಬರುವವರೆಗೆ ಮಾಸಿಕ ಹಣ ಕೊಟ್ಟರು, ಕಿರಿಯರನ್ನು ಬೇರೆ ಕೆಲಸಕ್ಕೆ ತರಬೇತಿ ಕೊಟ್ಟು ದಾಟಿಸಿದರು. ಅದಕ್ಕೂ ಮೊದಲು, ಗಣಿಗಳು ಒಂದೊಂದಾಗಿ ಮುಚ್ಚುತ್ತಿದ್ದ ಅರವತ್ತರ ದಶಕದಲ್ಲೇ, ಬೋಖುಮ್ ಮತ್ತು ಡಾರ್ಟ್‌ಮುಂಡ್‌ನಲ್ಲಿ ವಿಶ್ವವಿದ್ಯಾಲಯ ಕಟ್ಟಿದರು. ಅಲ್ಲಿಯವರೆಗೆ ಈ ಕಡೆ ವಿಶ್ವವಿದ್ಯಾಲಯವೇ ಇರಲಿಲ್ಲ. ಗಣಿಯವನ ಮಗ ಎಂಜಿನಿಯರ್ ಆದ ಕತೆ ಇಲ್ಲಿ ಬೀದಿಗೊಂದು ಸಿಗುತ್ತದೆ. ನನ್ನ ಮನೆಯ ಮಾಲೀಕರೇ ಒಬ್ಬರು.

ಇನ್ನರ್ಧ ಏನೆಂದರೆ, ಗೆಲ್ಸೆನ್‌ಕಿರ್ಚೆನ್‌ಗೆ ಹೋಗಿ ನೋಡಿ. ಖಾಲಿ ಅಂಗಡಿ ಸಾಲು, ದೇಶದಲ್ಲೇ ಅತಿ ಹೆಚ್ಚು ನಿರುದ್ಯೋಗ ಇರುವ ಊರುಗಳಲ್ಲಿ ಒಂದು. ಯಾರನ್ನೂ ಬೀದಿಗೆ ಬಿಡಲಿಲ್ಲ ಎಂಬ ಮಾತು ಗಣಿಯ ಪಟ್ಟಿಯಲ್ಲಿದ್ದವರ ಮಟ್ಟಿಗೆ ಸರಿ. ಅವರ ಮಕ್ಕಳಿಗೆ ಊರಲ್ಲಿ ಏನಿದೆ ಎಂಬುದು ಬೇರೆ ಪ್ರಶ್ನೆ. ಇನ್ನೊಂದು ವಿಚಿತ್ರ: ಗಣಿ ಮುಚ್ಚಿದರೂ ಪಂಪು ನಿಲ್ಲಿಸುವ ಹಾಗಿಲ್ಲ. ನೆಲ ಕುಸಿದಿರುವುದರಿಂದ ನೀರು ಎತ್ತುತ್ತಲೇ ಇರಬೇಕು, ಶಾಶ್ವತವಾಗಿ. ಅದಕ್ಕೆಂದೇ ಒಂದು ನಿಧಿ ಇದೆ. ಸತ್ತ ಗಣಿಗೆ ನಿತ್ಯಶ್ರಾದ್ಧ.

ಮೆಗಾವ್ಯಾಟ್ ಮಾವ · ಮಧ್ಯಾಹ್ನ 1.40

ಜರ್ಮನಿಯ ಹತ್ತಿರ ದುಡ್ಡಿದೆ. ಲಿಗ್ನೈಟ್, ಅಂದರೆ ಕಂದು ಕಲ್ಲಿದ್ದಲಿನ ಪ್ರದೇಶಗಳಿಗೇ 2038ರವರೆಗೆ 40 ಬಿಲಿಯನ್ ಯೂರೋ ಎಂದು 2020ರಲ್ಲಿ ಕಾನೂನು ಮಾಡಿಕೊಂಡರು. ನಮ್ಮಲ್ಲಿ ಯಾರಪ್ಪನ ಮನೆಯ ಗಂಟು? ಎಸ್ಕಾಂಗಳು ಉತ್ಪಾದಕರ ಬಾಕಿ ತೀರಿಸಲಿಕ್ಕೇ ಏದುಸಿರು ಬಿಡುತ್ತಿವೆ.

ಸರಿಪಡಿಸುವವ · ಮಧ್ಯಾಹ್ನ 2.05

ಗಂಟು ಇತ್ತು ಮಾವ. 2010ರಲ್ಲಿ ಟನ್ ಕಲ್ಲಿದ್ದಲಿಗೆ 50 ರೂಪಾಯಿ ಶುದ್ಧ ಇಂಧನ ಸೆಸ್ ಹಾಕಿದರು. 2016ರ ಹೊತ್ತಿಗೆ ಅದು 400 ಆಯಿತು. 2017ರಲ್ಲಿ ಜಿಎಸ್‌ಟಿ ಬಂದಾಗ ಆ 400ನ್ನು ರಾಜ್ಯಗಳ ಪರಿಹಾರ ಸೆಸ್ ಎಂದು ಹೆಸರು ಬದಲಿಸಿ ಬೇರೆ ಹುಂಡಿಗೆ ಹಾಕಿದರು. 2025ರ ಸೆಪ್ಟೆಂಬರ್‌ನಲ್ಲಿ ಆ ಸೆಸ್ಸೂ ಹೋಯಿತು, ಬದಲಿಗೆ ಕಲ್ಲಿದ್ದಲಿನ ಜಿಎಸ್‌ಟಿಯನ್ನು 5ರಿಂದ 18ಕ್ಕೆ ಏರಿಸಿದರು.

ಬೆಲ್ಟ್ ನಂಬರ್ ಏಳು · ಮಧ್ಯಾಹ್ನ 2.31

ಲೆಕ್ಕದವನಾದ್ದರಿಂದ ಗುಣಾಕಾರ ಮಾಡದೆ ಇರಲಾಗಲಿಲ್ಲ. 210ರ ಒಂದು ಘಟಕ ಪೂರ್ತಿ ಓಡಿದರೆ ದಿನಕ್ಕೆ ಮೂರು ಸಾವಿರ ಟನ್‌ಗೆ ಕಡಿಮೆಯಿಲ್ಲದೆ ತಿನ್ನುತ್ತದೆ, ಹೆಚ್ಚುಕಡಿಮೆ ಒಂದು ರೇಕು, ಅಂದರೆ ಒಂದು ಗೂಡ್ಸ್ ರೈಲಿನಷ್ಟು. ಟನ್ನಿಗೆ 400ರಂತೆ 12 ಲಕ್ಷ ರೂಪಾಯಿ. ಒಂದು ದಿನ, ಒಂದು ಘಟಕ. ಅಪ್ಪನ ಆ ಪಾಳಿಯಲ್ಲಿ ಎಲ್ಲರ ಕೂಲಿ ಸೇರಿದರೂ ಅದರ ಹತ್ತಿರಕ್ಕೆ ಬರುವುದಿಲ್ಲ.

ಬೂದಿ ಇಟ್ಟಿಗೆ · ಸಂಜೆ 5.50

ನನ್ನನ್ನು ಯಾವ ಪಟ್ಟಿಯಲ್ಲಿ ಬರೆಯುತ್ತೀರಿ ಹೇಳಿ. ನನ್ನದು ಹಾರುಬೂದಿ ಇಟ್ಟಿಗೆಯ ಘಟಕ, ಹದಿನೆಂಟು ಜನ ಕೆಲಸಕ್ಕಿದ್ದಾರೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ನೂರಕ್ಕೆ ಮೂವತ್ತು ನಲವತ್ತರಷ್ಟು ಬೂದಿಯೇ. ಪರಿಸರದವರಿಗೆ ಅದು ಕಸ, ನನಗೆ ಕಚ್ಚಾ ಮಾಲು. ಬೂದಿಯನ್ನು ಪೂರ್ತಿ ಬಳಕೆಗೆ ಹಚ್ಚಬೇಕು ಎಂದು ಕೇಂದ್ರವೇ ನಿಯಮ ಮಾಡಿ, ಇಟ್ಟಿಗೆ ಮಾಡಿ ಎಂದು ನಮ್ಮನ್ನು ಹುರಿದುಂಬಿಸಿತು. ನಾನು ಯಂತ್ರಕ್ಕೆ ಸಾಲ ಮಾಡಿದೆ. ಘಟಕ ನಿಂತ ವಾರ ಬೂದಿ ಇಲ್ಲ. ಬೂದಿ ಇಲ್ಲದ ವಾರ ನಮ್ಮ ಹುಡುಗರು ಮಧ್ಯಾಹ್ನದವರೆಗೆ ಇಸ್ಪೀಟ್ ಆಡಿ ಮನೆಗೆ ಹೋಗುತ್ತಾರೆ. ಬ್ಯಾಂಕಿನವರು ಮಾತ್ರ ಇಸ್ಪೀಟ್ ಆಡುವುದಿಲ್ಲ.

ಒಗೆದ ಬಟ್ಟೆ · ಸಂಜೆ 6.35

ಊರಿನ ಹೆಸರು ಹೇಳುವುದಿಲ್ಲ, ಸ್ಥಾವರದ ಹೆಸರೂ ಹೇಳುವುದಿಲ್ಲ, ಯಜಮಾನರು ಅಲ್ಲೇ ಕೆಲಸಕ್ಕಿದ್ದಾರೆ. ಇಟ್ಟಿಗೆ ಅಣ್ಣನಿಗೆ ಕಚ್ಚಾ ಮಾಲಾದದ್ದು ನಮ್ಮ ಮನೆಯಲ್ಲಿ ಅನ್ನದ ಮೇಲೆ ಬೀಳುತ್ತದೆ. ಬೇಸಿಗೆಯಲ್ಲಿ ಗಾಳಿ ನಮ್ಮ ಕಡೆ ತಿರುಗಿದರೆ ಒಗೆದ ಬಿಳಿ ಅಂಗಿಯನ್ನು ಒಳಗೇ ಒಣಗಿಸಬೇಕು. ರೊಟ್ಟಿ ಬಡಿಯುವಾಗ ಬಾಗಿಲು ಹಾಕಿಕೊಂಡು ಬಡಿಯುತ್ತೇನೆ, ನಲವತ್ತೆರಡು ಡಿಗ್ರಿ ಸೆಕೆಯಲ್ಲಿ. ಅತ್ತೆ ರಾತ್ರಿಯೆಲ್ಲ ಕೆಮ್ಮುತ್ತಾರೆ.

ಇದು ನಿಂತರೆ ಸಾಕು ಎಂದು ನಾನು ಎಷ್ಟೋ ಸಲ ದೇವರಿಗೆ ಹೇಳಿಕೊಂಡಿದ್ದೇನೆ. ಮರುಗಳಿಗೆಯೇ ಯಜಮಾನರ ಸಂಬಳ ನೆನಪಾಗಿ, ಈಗಲೇ ಬೇಡ ಎಂದೂ ಹೇಳಿಕೊಂಡಿದ್ದೇನೆ. ಪರಿಹಾರದ ಮಾತು ಬಂದಾಗ ಕೆಲಸ ಕಳೆದುಕೊಂಡವರನ್ನು ಮಾತ್ರ ಎಣಿಸಬೇಡಿ, ಬೂದಿ ತಿಂದವರನ್ನೂ ಎಣಿಸಿ. ಹೊಂಡದಲ್ಲಿ ತುಂಬಿರುವ ಬೂದಿ ಘಟಕ ನಿಂತ ಮಾತ್ರಕ್ಕೆ ಎದ್ದು ಹೋಗುವುದಿಲ್ಲ.

ಮಾರಿಕುಪ್ಪಂ ಪ್ಯಾಸೆಂಜರ್ · ಸಂಜೆ 6.44

ಹೋಗುವುದಿಲ್ಲ ಅಕ್ಕ. ನಮ್ಮ ದಿಬ್ಬಗಳೇ ಸಾಕ್ಷಿ. ಮೊದಲೇ ಬರೆಸಿಕೊಳ್ಳಿ.

ಸ್ಪ್ಯಾನರ್ ಹದಿನಾಲ್ಕು · ಸಂಜೆ 7.20

ದಾವಣಗೆರೆ. ಬೈಕ್ ಮೆಕ್ಯಾನಿಕ್. ಮುಚ್ಚುವ ಸ್ಥಾವರಕ್ಕೆ ಗೇಟ್ ಆದರೂ ಇದೆ, ಅಲ್ಲಿ ಕೂತು ಧರಣಿ ಮಾಡಬಹುದು. ನಮ್ಮ ಕೆಲಸ ಗೇಟಿಲ್ಲದೆ ಹೋಗುತ್ತಿದೆ. ವಿದ್ಯುತ್ ಸ್ಕೂಟರಿಗೆ ಎಂಜಿನ್ ಆಯಿಲ್ ಬೇಡ, ಪ್ಲಗ್ ಬೇಡ, ಕಾರ್ಬೊರೇಟರ್ ಬೇಡ, ಕ್ಲಚ್ ಪ್ಲೇಟ್ ಬೇಡ. ಕೆಟ್ಟರೆ ಕಂಪನಿಯ ಲ್ಯಾಪ್‌ಟಾಪ್ ಹಚ್ಚದೆ ಏನು ಕೆಟ್ಟಿದೆ ಎಂದೇ ತಿಳಿಯುವುದಿಲ್ಲ, ಆ ಸಾಫ್ಟ್‌ವೇರ್ ನಮಗೆ ಕೊಡುವುದಿಲ್ಲ. ಟೈರು, ಬ್ರೇಕು ಉಳಿದಿವೆ. ನನ್ನ ಹತ್ತಿರ ಕೆಲಸ ಕಲಿಯಲು ಬರುತ್ತಿದ್ದ ಹುಡುಗರು ಈಗ ಊಟದ ಪೊಟ್ಟಣ ಹಂಚುತ್ತಾರೆ. ಅದೂ ವಿದ್ಯುತ್ ಸ್ಕೂಟರಿನಲ್ಲಿ.

ಎರಡನೇ ಡಿಪೊ · ಸಂಜೆ 7.48

ಬಸ್ಸಿನದೂ ಅದೇ ಕತೆ. ಬೆಂಗಳೂರಿನ ವಿದ್ಯುತ್ ಬಸ್ಸುಗಳಲ್ಲಿ ಕಂಡಕ್ಟರ್ ಸಂಸ್ಥೆಯವನು, ಚಾಲಕ ಖಾಸಗಿ ಕಂಪನಿಯವನು. ಕಿಲೋಮೀಟರಿಗೆ ಇಷ್ಟು ಎಂದು ಒಪ್ಪಂದ. ಒಂದೇ ಬಸ್ಸಿನಲ್ಲಿ ಇಬ್ಬರು, ಎರಡು ಸಂಬಳ, ಎರಡು ಬಗೆಯ ರಜೆ. ಹೊಗೆ ಹೋಯಿತು, ಜೊತೆಗೆ ಸರ್ಕಾರಿ ಚಾಲಕನ ನೌಕರಿಯೂ ಹೋಯಿತು. ಬಸ್ಸು ಒಳ್ಳೆಯದು, ಅದನ್ನು ಹೇಳಲೇಬೇಕು. ಗೇರ್ ಹಾಕಿ ಹಾಕಿ ನನ್ನ ಮೊಣಕಾಲು ಸವೆದ ಹಾಗೆ ಅವರದು ಸವೆಯುವುದಿಲ್ಲ.

ಕಗ್ಗತ್ತಲ ಕಂಬ · ಸಂಜೆ 7.52

ಆ ಬಸ್ಸಿನಲ್ಲಿ ಎಸಿ ಇಲ್ಲದೆ ಕಿಟಕಿಯೂ ತೆರೆಯದಿದ್ದರೆ ಅನುಭವಿಸಿದವರಿಗೇ ಗೊತ್ತು.

ಎರಡನೇ ಡಿಪೊ · ಸಂಜೆ 7.54

ಕಿಟಕಿ ತೆರೆಯುತ್ತದೆ ಸ್ವಾಮಿ. ತಳ್ಳುವುದಲ್ಲ, ಎಳೆಯಬೇಕು.

ಲಿಂಗನಮಕ್ಕಿ ಮೊಮ್ಮಗ · ರಾತ್ರಿ 8.30

ಕಲ್ಲಿದ್ದಲು ಹೋಗಿ ನೀರು, ಗಾಳಿ, ಬಿಸಿಲು ಬಂದರೆ ತನ್ನಿಂದ ತಾನೇ ನ್ಯಾಯವಾಗುತ್ತದೆ ಎಂದು ಯಾರಾದರೂ ಅಂದುಕೊಂಡಿದ್ದರೆ ನಮ್ಮ ಮನೆಗೆ ಬನ್ನಿ, ಕಾಫಿ ಕೊಡುತ್ತೇನೆ. ಅರವತ್ತರ ದಶಕದಲ್ಲಿ ಶರಾವತಿಗೆ ಅಣೆಕಟ್ಟು ಕಟ್ಟಿದಾಗ ಅಜ್ಜ ಊರು ಬಿಟ್ಟರು. ಒಂದು ಹನಿ ಡೀಸೆಲ್ ಸುಡದ ವಿದ್ಯುತ್ತು ಅದು. ಮುಳುಗಡೆಯವರ ಎಷ್ಟೋ ಮನೆಗಳಿಗೆ ಇವತ್ತಿಗೂ ಹಕ್ಕುಪತ್ರವಿಲ್ಲ. ಈಗ ಅದೇ ಕಣಿವೆಯಲ್ಲಿ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ, ಸಿಂಗಳೀಕಗಳ ಅಭಯಾರಣ್ಯದೊಳಗೆ. ನೀರನ್ನು ಮೇಲಕ್ಕೆ ಎತ್ತಿಟ್ಟು, ಹಗಲಿನ ಸೋಲಾರ್ ವಿದ್ಯುತ್ತನ್ನು ರಾತ್ರಿಗೆ ಕೂಡಿಡಲಿಕ್ಕಂತೆ.

ಮೆಗಾವ್ಯಾಟ್ ಮಾವ · ರಾತ್ರಿ 8.41

ಕಲ್ಲಿದ್ದಲೂ ಬೇಡ, ಅಣೆಕಟ್ಟೂ ಬೇಡ, ಸೋಲಾರಿಗೂ ತಕರಾರು. ಮೊಬೈಲ್ ಚಾರ್ಜ್ ಮಾಡಿಕೊಳ್ಳಲು ಎಲ್ಲರೂ ಸೈಕಲ್ ತುಳಿಯಿರಿ.

ಲಿಂಗನಮಕ್ಕಿ ಮೊಮ್ಮಗ · ರಾತ್ರಿ 8.47

ಬೇಡ ಎಂದು ಹೇಳಿದವರು ಯಾರು ಮಾವ? ಹಕ್ಕುಪತ್ರ ಕೊಡಿ ಎಂದೆ. ಅರವತ್ತು ವರ್ಷದಲ್ಲಿ ಒಂದು ಕಾಗದ.

ವೇದಿಕೆ ನಿರ್ವಾಹಕ · ರಾತ್ರಿ 9.02

ಶರಾವತಿಗೆ ಬೇರೆ ಚರ್ಚೆ ತೆರೆಯಿರಿ, ದಯವಿಟ್ಟು. ಗೃಹಜ್ಯೋತಿ ಬಿಲ್ಲಿನ ಬಗ್ಗೆ ಬಂದ ಒಂಬತ್ತು ಪ್ರತಿಕ್ರಿಯೆಗಳನ್ನು ತೆಗೆದಿದ್ದೇನೆ.

ಕೆಂಪು ಫೈಲು · ರಾತ್ರಿ 9.30

ಕಾರ್ಮಿಕ ಸಂಘದ ಕಚೇರಿಯಲ್ಲಿ ಹಲವು ವರ್ಷ ಕೂತವನು ನಾನು. ‘ನ್ಯಾಯಯುತ ಪರಿವರ್ತನೆ’ ಎಂದು ಈಗ ವಿಚಾರ ಸಂಕಿರಣಗಳಲ್ಲಿ ಹೇಳುವ ಮಾತು ಅಮೆರಿಕದ ತೈಲ ಮತ್ತು ರಾಸಾಯನಿಕ ಕಾರ್ಮಿಕರ ಸಂಘದಲ್ಲಿ ಹುಟ್ಟಿದ್ದು. ಪರಿಸರ ಬೇಕೋ ಕೂಲಿ ಬೇಕೋ ಎಂದು ನಮ್ಮನ್ನು ಕೇಳಬೇಡಿ ಎಂಬುದು ಅದರ ತಿರುಳು. 2015ರ ಪ್ಯಾರಿಸ್ ಒಪ್ಪಂದದ ಪೀಠಿಕೆಯಲ್ಲೂ ಸೇರಿದೆ. ಪೀಠಿಕೆಯಲ್ಲಿ ಸೇರಿದ್ದು ಶಕ್ತಿನಗರದ ಗೇಟಿಗೆ ಬರಬೇಕಾದರೆ ಕಾಗದ ಬೇಕು. ಅಷ್ಟನ್ನೇ ಹೇಳುತ್ತೇನೆ.

ದೊಡ್ಡ ಉದ್ಯಮ ಮುಚ್ಚಿದರೆ ಕಾರ್ಮಿಕನಿಗೆ ದುಡಿದ ಪ್ರತಿ ವರ್ಷಕ್ಕೆ ಹದಿನೈದು ದಿನದ ವೇತನ ಪರಿಹಾರ ಎಂಬುದು ನಮ್ಮ ಕಾನೂನಿನ ಹಳೆಯ ಅಳತೆ. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಇನ್ನೊಂದು ಇದೆ: ಕೆಲಸದಿಂದ ತೆಗೆದವನಿಗೆ ಹೊಸ ಕಸುಬು ಕಲಿಯಲು ಮತ್ತೆ ಹದಿನೈದು ದಿನದ ವೇತನ. ಹದಿನೈದು ದಿನದ ಕೂಲಿಯಲ್ಲಿ ಐವತ್ತೆರಡರ ಮನುಷ್ಯ ಯಾವ ಕಸುಬು ಕಲಿಯುತ್ತಾನೆ ಎಂದು ನನ್ನನ್ನು ಕೇಳಬೇಡಿ. ಆದರೆ ಅದಕ್ಕೂ ಮೊದಲು ಒಂದು ಹಳ್ಳ ಇದೆ. ದುಡಿದ ಪ್ರತಿ ವರ್ಷಕ್ಕೆ ಎಂದಾಗ, ಯಾರ ಹತ್ತಿರ ದುಡಿದ ವರ್ಷ? ಹನ್ನೊಂದು ಗುತ್ತಿಗೆದಾರರ ಹತ್ತಿರ 26 ವರ್ಷ ದುಡಿದವನು ಕಾಗದದಲ್ಲಿ ಕೊನೆಯವನ ಹತ್ತಿರ ಒಂದೂವರೆ ವರ್ಷ ದುಡಿದವನು.

ಹಾಗಾಗಿ ತಮ್ಮ, ನಿಮ್ಮ ತಂದೆಯ ಆ ಬಿಸ್ಕತ್ತಿನ ಡಬ್ಬಿ ಇದೆಯಲ್ಲ, ಅದು ಆಸ್ತಿಪತ್ರ. ಪಾಸ್‌ಗಳ ಫೋಟೋ ತೆಗೆದಿಡಿ. ಭವಿಷ್ಯ ನಿಧಿಯ ಯುಎಎನ್, ಅಂದರೆ ಸದಸ್ಯನ ಕಾಯಂ ಸಂಖ್ಯೆ, ಒಂದೇ ಇದೆಯೋ, ಗುತ್ತಿಗೆದಾರ ಬದಲಾದಾಗಲೆಲ್ಲ ಹೊಸದು ಮಾಡಿದ್ದಾರೋ ನೋಡಿ. ಎರಡು ಮೂರು ಇದ್ದರೆ ಒಂದಕ್ಕೆ ವಿಲೀನ ಮಾಡಿಸಿ. ಪಾಸ್‌ಬುಕ್ಕಿನಲ್ಲಿ ಯಾವ ತಿಂಗಳು ಜಮೆ ಇಲ್ಲ ಎಂದು ಬರೆದುಕೊಳ್ಳಿ. ಈಗ ಪ್ರತಿ ಕಾರ್ಮಿಕನಿಗೂ ನೇಮಕಾತಿ ಪತ್ರ ಕೊಡಲೇಬೇಕು ಎಂಬ ನಿಯಮ ಬಂದಿದೆ, ಅದನ್ನು ಕೇಳಿ. ಮುಚ್ಚುವ ದಿನ ಬಂದಾಗ ಇವೆಲ್ಲ ಹುಡುಕಲು ಹೋದರೆ ಗುತ್ತಿಗೆದಾರನ ಕಚೇರಿಯಲ್ಲಿ ಬೀಗ ಇರುತ್ತದೆ.

ಅರ್ಧ ಪಾಳಿ · ರಾತ್ರಿ 9.55

ದಕ್ಷಿಣ ಆಫ್ರಿಕಾದ ಕೊಮಾಟಿಯಲ್ಲಿ ಇದೇ ಆದದ್ದು. 1961ರಿಂದ ಉರಿಯುತ್ತಿದ್ದ ಕಲ್ಲಿದ್ದಲು ವಿದ್ಯುತ್ ಸ್ಥಾವರ, 2022ರ ಅಕ್ಟೋಬರ್‌ನಲ್ಲಿ ನಿಲ್ಲಿಸಿದರು. ವಿಶ್ವಬ್ಯಾಂಕ್ 497 ಮಿಲಿಯನ್ ಡಾಲರ್ ಒದಗಿಸಿತು, ಜಗತ್ತಿಗೇ ಮಾದರಿ ಎಂದರು. ಕಂಪನಿಯ ನೌಕರರಲ್ಲಿ ಹೆಚ್ಚಿನವರನ್ನು ಬೇರೆ ಸ್ಥಾವರಗಳಿಗೆ ಕಳುಹಿಸಿದರು. ಗುತ್ತಿಗೆಯವರು, ಊರಿನ ಅಂಗಡಿಯವರು ಮಾತ್ರ ಉಳಿದರು. ಸೋಲಾರ್, ತರಬೇತಿ ಕೇಂದ್ರ ಎಲ್ಲ ಬರುವುದಿತ್ತು. ಬೆಂಕಿ ಆರಿದ್ದು ಮೊದಲು, ಅವು ಬಂದದ್ದು ಆಮೇಲೆ, ನಿಧಾನವಾಗಿ. ದುಡ್ಡಿನ ಕೊರತೆ ಅಲ್ಲ ಮಾವ, ಕ್ರಮ ತಪ್ಪಿದ್ದು.

ಮೆಗಾವ್ಯಾಟ್ ಮಾವ · ರಾತ್ರಿ 10.10

ಸರಿ, ಒಂದು ಮಾತು ಒಪ್ಪುತ್ತೇನೆ. ನಾನು ವಿದ್ಯುತ್ ಇಲಾಖೆಯಲ್ಲಿ ಮೂವತ್ತೆರಡು ವರ್ಷ ಇದ್ದು ಬಂದವನು. ಘಟಕವನ್ನು ಅಧಿಕೃತವಾಗಿ ಮುಚ್ಚದಿದ್ದರೂ, ತಿಂಗಳುಗಟ್ಟಲೆ ನಿಲ್ಲಿಸಿದರೆ ಕಾಯಂ ನೌಕರನ ಸಂಬಳ ನಿಲ್ಲುವುದಿಲ್ಲ, ದಿನಗೂಲಿಯವನದು ನಿಲ್ಲುತ್ತದೆ. ಆ ಮಟ್ಟಿಗೆ 2070ರವರೆಗೆ ಕಾಯುವ ಮಾತು ಅವರಿಗೆ ಅನ್ವಯಿಸುವುದಿಲ್ಲ. ಮುಚ್ಚುವುದಿಲ್ಲ ಎಂಬ ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಪಕ್ಕದ ಯರಮರಸ್‌ನಲ್ಲಿ 800ರ ಎರಡು ಘಟಕ ಇನ್ನೂ ಹೊಸವು.

ಬೆಲ್ಟ್ ನಂಬರ್ ಏಳು · ರಾತ್ರಿ 10.25

ಆ ಹೊಸ ಘಟಕಗಳಲ್ಲಿ ಬೆಲ್ಟ್ ಕೆಳಗೆ ಸಲಿಕೆ ಹಿಡಿಯುವವರು ಮೆಗಾವ್ಯಾಟಿಗೆ ಲೆಕ್ಕ ಹಾಕಿದರೆ ಕಡಿಮೆ ಜನ ಸಾಕು ಎಂದು ಅಪ್ಪ ಹೇಳುತ್ತಾರೆ. ಅಲ್ಲಿಗೆ ಹೋಗಿ ಎಂದರೂ ಎಲ್ಲರಿಗೂ ಜಾಗವಿಲ್ಲ.

ಬೆಲ್ಟ್ ನಂಬರ್ ಏಳು · ಶನಿವಾರ ರಾತ್ರಿ 11.05

ಎರಡು ದಿನ ರಜೆ ಹಾಕಿ ಊರಿಗೆ ಬಂದಿದ್ದೇನೆ. ಕೆಂಪು ಫೈಲು ಅಣ್ಣ ಹೇಳಿದ ಹಾಗೆ ಯುಎಎನ್ ನೋಡಿದೆ. ಅಪ್ಪನದು ಮೂರು. ಒಂದರಲ್ಲಿ ಹೆಸರೇ ತಪ್ಪು, ತಿಮ್ಮಪ್ಪ ಹೋಗಿ ತಿಪ್ಪಣ್ಣ ಆಗಿದ್ದಾರೆ.

ಸಂಜೆ ಗೇಟಿನೆದುರಿನ ಚಹಾದ ಅಂಗಡಿಯಲ್ಲಿ ಕೂತಿದ್ದೆವು. ಅಪ್ಪ ತಮ್ಮ ಪಾಳಿಯವರಿಗೆ ಡಬ್ಬಿಯ ಕತೆ ಹೇಳಿದರು. ಒಬ್ಬರು ಮನೆಗೆ ಹೋಗಿ ತಮ್ಮದೂ ತಂದರು, ಅವರದು ಹದಿಮೂರು ಪಾಸ್. ಇನ್ನೊಬ್ಬರು ಹಳೆಯವನ್ನೆಲ್ಲ ಒಲೆಗೆ ಹಾಕಿದ್ದೇನೆ ಎಂದರು. ನಾನು ಲ್ಯಾಪ್‌ಟಾಪ್ ತೆಗೆದು ಹೆಸರು, ಸೇರಿದ ವರ್ಷ, ಪಾಸ್ ಸಂಖ್ಯೆ, ಯುಎಎನ್ ಎಂದು ಮನೆ ಹಾಕಿ ಬರೆಯತೊಡಗಿದೆ. ಅಂಗಡಿ ಮುಚ್ಚುವ ಹೊತ್ತಿಗೆ ಮೂವತ್ತೇಳು ಹೆಸರು. ಚಹಾದವರು ಗ್ಲಾಸು ತೊಳೆಯುತ್ತ, ನನ್ನದನ್ನೂ ಬರೆದುಕೋ, ನನಗೆ ಪಾಸ್ ಇಲ್ಲ, ಏನು ತೋರಿಸಲಿ ಎಂದರು. ಏನು ಹೇಳಬೇಕೆಂದು ತಿಳಿಯದೆ ಪಾಸ್ ಸಂಖ್ಯೆಯ ಮನೆಯನ್ನು ಖಾಲಿ ಬಿಟ್ಟು ಹೆಸರು ಬರೆದುಕೊಂಡೆ.

ಬೂದಿ ಇಟ್ಟಿಗೆ · ಶನಿವಾರ ರಾತ್ರಿ 11.12

ಖಾಲಿ ಮನೆಯವರ ಸಾಲಿಗೆ ನಮ್ಮ ಹದಿನೆಂಟನ್ನೂ ಹಾಕಿ. ನಾಳೆ ಹೆಸರು ಕಳುಹಿಸುತ್ತೇನೆ.

ಪಾವಗಡದ ಕಡಲೆಕಾಯಿ · ಭಾನುವಾರ ಬೆಳಿಗ್ಗೆ 6.05

ಅಣ್ಣ, ಆ ಪಟ್ಟಿಯ ಖಾಲಿ ನಮೂನೆಯನ್ನು ನನಗೂ ಕಳುಹಿಸಿ. ಪಾಸ್ ಸಂಖ್ಯೆ ಎಂಬಲ್ಲಿ ನಾವು ಯಾರ ಹೊಲ, ಎಷ್ಟು ವರ್ಷ ಎಂದು ಬರೆದುಕೊಳ್ಳುತ್ತೇವೆ.

ಒಂಬತ್ತೆಕರೆ · ಬೆಳಿಗ್ಗೆ 6.50

ನಮ್ಮ ಹೊಲದಲ್ಲಿ ಯಾರು ಯಾರು ಕೆಲಸಕ್ಕೆ ಬರುತ್ತಿದ್ದರು ಎಂಬುದು ಅಪ್ಪನಿಗೆ ನೆನಪಿದೆ ಅಕ್ಕ. ಕೇಳಿ ಬರೆದುಕೊಡುತ್ತೇನೆ.

ಕೆಂಪು ಫೈಲು · ಬೆಳಿಗ್ಗೆ 7.15

ಪಾಸ್‌ಗಳ ಹಿಂಬದಿಯನ್ನೂ ಫೋಟೋ ತೆಗೆದಿರಾ ತಮ್ಮ? ಎಷ್ಟೋ ಸಲ ಸೀಲು, ದಿನಾಂಕ ಅಲ್ಲೇ ಇರುತ್ತದೆ.

ಬೆಲ್ಟ್ ನಂಬರ್ ಏಳು · ಬೆಳಿಗ್ಗೆ 7.40

ತೆಗೆದೆ ಅಣ್ಣ. ಒಂಬತ್ತರಲ್ಲಿ ಸೀಲು ಇದೆ. ಒಂದರ ಸೀಲು ಅಳಿಸಿದೆ. ಇನ್ನೊಂದರ ಹಿಂದೆ ಅಮ್ಮ ಹಾಲಿನ ಲೆಕ್ಕ ಬರೆದಿದ್ದಾರೆ, ತಾರೀಖಿನ ಸಮೇತ.